ಎದುರುಬದುರು ಪುಟಗಳ ನಡುವೆ: ದ್ವಿಭಾಷಾ ತರಗತಿಯಲ್ಲಿ ವಿಷಯಕಲಿಕೆಯ ಭಾಷೆ

ಕರ್ನಾಟಕದ ಒಂದು ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳನ್ನು ತೆರೆಯುವ ನಿರ್ಧಾರ 2019-20ನೆಯ ಶೈಕ್ಷಣಿಕ ವರ್ಷದಲ್ಲಿ ಜಾರಿಗೆ ಬಂದಿತು. ಅಂದು ಒಂದನೆಯ ತರಗತಿಗೆ ಸೇರಿದ ಮಕ್ಕಳು ಈಗ ಹಿರಿಯ ಪ್ರಾಥಮಿಕ ಹಂತಕ್ಕೆ ಬಂದಿದ್ದಾರೆ. ಹೇಳಬೇಕಾದುದನ್ನು ಇಂಗ್ಲಿಷಿನಲ್ಲೊಮ್ಮೆ, ಕನ್ನಡದಲ್ಲೊಮ್ಮೆ ಹೇಳುವ ದ್ವಿಭಾಷಾ ಪಠ್ಯಪುಸ್ತಕಗಳು ಇಂಥ ವಿಭಾಗಗಳಿಗಾಗಿಯೇ ಸಿದ್ಧವಾದವು. ನೆರೆಯ ಆಂಧ್ರಪ್ರದೇಶದಲ್ಲಿ ಇದೇ ಕಲ್ಪನೆ ಎಡಪುಟದಲ್ಲಿ ಒಂದು ಭಾಷೆ, ಬಲಪುಟದಲ್ಲಿ ಇನ್ನೊಂದು ಭಾಷೆ ಎಂಬ ಕನ್ನಡಿಬಿಂಬದ ರೂಪವನ್ನು ಪಡೆಯಿತು. ವಿಜ್ಞಾನ ಮತ್ತು ಗಣಿತಗಳಿಗೆ ದ್ವಿಭಾಷಾ ಪುಸ್ತಕಗಳು ಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಹೇಳುತ್ತದೆ. ಹೀಗೆ ಪರಸ್ಪರ ಒಪ್ಪದ ಸರ್ಕಾರಗಳು ಒಪ್ಪಿಕೊಂಡಿರುವ ಕೆಲವೇ ಶೈಕ್ಷಣಿಕ ವಿಚಾರಗಳಲ್ಲಿ ಇದೂ ಒಂದಾಗಿದೆ. ಇಷ್ಟು ಸುಲಭವಾಗಿ ಒಪ್ಪಿಗೆ ಪಡೆದ ವಿಚಾರವನ್ನು ಒಮ್ಮೆ ಅನುಮಾನದಿಂದ ನೋಡುವುದು ಭಾಷಾವಿಜ್ಞಾನಿಯ ಕರ್ತವ್ಯವೆಂದು ನಾನು ಭಾವಿಸುತ್ತೇನೆ.

ಶಿಕ್ಷಣ ಮಾಧ್ಯಮವನ್ನು ಕುರಿತ ನಮ್ಮ ವಾಗ್ವಾದಕ್ಕೆ ದೀರ್ಘ ಇತಿಹಾಸವಿದೆ. 1981ರ ಗೋಕಾಕ್ ವರದಿ, 1994ರ ಭಾಷಾನೀತಿಯ ಆದೇಶ, ಆ ಆದೇಶವನ್ನು ಕುರಿತು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠ 2014ರ ಮೇ ತಿಂಗಳಿನಲ್ಲಿ ಕೊಟ್ಟ ತೀರ್ಪು, ಇವೆಲ್ಲವೂ ಕೇಳಿದ ಪ್ರಶ್ನೆ ಒಂದೇ: ಮಗು ಯಾವ ಭಾಷೆಯಲ್ಲಿ ಕಲಿಯಬೇಕು, ಅದನ್ನು ನಿರ್ಧರಿಸುವ ಹಕ್ಕು ಯಾರದು? ಪ್ರಶ್ನೆ ಸಣ್ಣದಲ್ಲ. ಆದರೆ ಆ ಭಾಷೆಯಲ್ಲಿ, ಅಥವಾ ಆ ಎರಡು ಭಾಷೆಗಳಲ್ಲಿ, ಮಗು ಏನನ್ನು ಕಲಿಯುತ್ತಿದೆ ಎಂಬುದು ಆ ಚರ್ಚೆಯ ಅಂಚಿನಲ್ಲಿಯೇ ಉಳಿಯಿತು. ದ್ವಿಭಾಷಾ ತರಗತಿಯ ಯಶಸ್ಸನ್ನು ನಾವು ಇಂದಿಗೂ ಇಂಗ್ಲಿಷಿನಿಂದ ಅಳೆಯುತ್ತೇವೆ. ಅದರ ಸೋಲನ್ನು ಕನ್ನಡದಿಂದ ಅಳೆಯುತ್ತೇವೆ. ಭಿನ್ನರಾಶಿಯಿಂದ ಅಳೆಯುವವರು ವಿರಳ.

ಪ್ರಸ್ತುತ ಲೇಖನದ ವಾದ ಇಷ್ಟು. ದ್ವಿಭಾಷಾ ಪಠ್ಯಪುಸ್ತಕ ಹಾಗೂ ಅದರ ಜೊತೆಗೆ ಬೆಳೆದಿರುವ ಬೋಧನಾಕ್ರಮಗಳು ಎರಡು ಭಾಷೆಗಳು ಒಂದೇ ಅರ್ಥಲೋಕವನ್ನು ಒಂದೇ ಬಗೆಯಲ್ಲಿ ವಿಭಜಿಸುತ್ತವೆ ಎಂಬ ಗ್ರಹಿಕೆಯ ಮೇಲೆ ನಿಂತಿವೆ. ಈ ಗ್ರಹಿಕೆ ತಪ್ಪು. ಎರಡು ಪುಟಗಳು ಎಲ್ಲಿ ಒಂದಕ್ಕೊಂದು ಹೊಂದುವುದಿಲ್ಲವೋ ಅಲ್ಲಿಯೇ ಹಿರಿಯ ಪ್ರಾಥಮಿಕ ಹಂತದ ಮಗುವಿಗೆ ಕಲಿಯಲು ಅತ್ಯಂತ ಹೆಚ್ಚು ಇದೆ. ಆ ಜಾಗಗಳನ್ನೇ ನಮ್ಮ ಪುಸ್ತಕಗಳು ಮುಚ್ಚಿಹಾಕುತ್ತವೆ. ನಾನು ಇಲ್ಲಿ ಬಳಸುವ ಉದಾಹರಣೆಗಳು ಐದರಿಂದ ಏಳನೆಯ ತರಗತಿಯವರೆಗಿನ ಪಠ್ಯವಿಷಯಗಳಿಂದ ಬಂದವು. ಒಂದೆರಡು, ಕೆಲವು ಶಾಲೆಗಳ ಹಿಂದಿನ ಬೆಂಚಿನಲ್ಲಿ ಕುಳಿತು ನಾನು ಕೇಳಿಸಿಕೊಂಡವು. ಅವು ಅಂಕಿಅಂಶಗಳಲ್ಲ. ವಿಶ್ಲೇಷಣೆಗೆ ಒದಗುವ ನಿದರ್ಶನಗಳು ಮಾತ್ರ.

ಕೇರುವುದು, ತೂರುವುದು, ಕರಗುವುದು

ಆರನೆಯ ತರಗತಿಯ ವಿಜ್ಞಾನದಲ್ಲಿ ಮಿಶ್ರಣಗಳನ್ನು ಬೇರ್ಪಡಿಸುವ ವಿಧಾನಗಳ ಪಾಠ ಬಹುಕಾಲದಿಂದ ಇದೆ. ಕೈಯಿಂದ ಆರಿಸುವುದು, ಒಕ್ಕಣೆ, ತೂರುವುದು, ಜರಡಿ ಹಿಡಿಯುವುದು, ತಳಗಟ್ಟಲು ಬಿಟ್ಟು ಬಸಿಯುವುದು, ಸೋಸುವುದು, ಹೀಗೆ ಪಾಠ ಸಾಗುತ್ತದೆ. ಇಂಗ್ಲಿಷ್ ಪುಟದಲ್ಲಿ ‘ವಿನ್ನೋಯಿಂಗ್’ ಎಂದಿರುವಲ್ಲಿ ಕನ್ನಡ ಪುಟ ‘ತೂರುವಿಕೆ’ ಎನ್ನುತ್ತದೆ. ಅನುವಾದವಾಗಿ ಇದರಲ್ಲಿ ದೋಷವಿಲ್ಲ. ಆದರೆ ಕಣ ಮತ್ತು ಅಡುಗೆಮನೆ ಎರಡನ್ನೂ ಕಂಡಿರುವ ಮಗುವಿನ ಕನ್ನಡದಲ್ಲಿ ಇಲ್ಲಿ ಒಂದು ಕ್ರಿಯೆಯಲ್ಲ, ಕನಿಷ್ಠ ಮೂರು ಕ್ರಿಯೆಗಳಿವೆ. ಗಾಳಿ ಬೀಸುವ ದಿಕ್ಕನ್ನು ನೋಡಿ ಎತ್ತರದಿಂದ ಕಾಳನ್ನು ಸುರಿದರೆ ಅದು ತೂರುವುದು. ಮೊರದಲ್ಲಿ ಹಾಕಿ ಮೇಲಕ್ಕೆ ಚಿಮ್ಮಿಸಿ ಹಿಡಿದರೆ ಅದು ಕೇರುವುದು. ಅಕ್ಕಿಯನ್ನು ನೀರಿನಲ್ಲಿ ಅಲುಗಿಸುತ್ತ ಕಲ್ಲು ತಳದಲ್ಲಿ ಉಳಿಯುವಂತೆ ನೀರಿನೊಡನೆ ಅಕ್ಕಿಯನ್ನು ಮಾತ್ರ ಮತ್ತೊಂದು ಪಾತ್ರೆಗೆ ಹರಿಸಿದರೆ ಅದು ಜಾಲಿಸುವುದು. ಕೆಲವು ಕಡೆ ಒನೆಯುವುದೂ ಉಂಟು. ಉತ್ತರ ಕರ್ನಾಟಕದಲ್ಲಿ ಇವೆಲ್ಲವನ್ನೂ ಒಳಗೊಳ್ಳುವಂತೆ ಹಸನು ಮಾಡುವುದು ಎನ್ನುತ್ತಾರೆ.

ಈ ಕ್ರಿಯಾಪದಗಳು ಕೇವಲ ಜಾನಪದ ಸಂಪತ್ತಲ್ಲ. ಅವು ಭೌತಿಕವಾಗಿ ಭಿನ್ನವಾದ ತತ್ತ್ವಗಳನ್ನು ಗುರುತಿಸುತ್ತವೆ. ತೂರುವಾಗ ಬೀಳುತ್ತಿರುವ ವಸ್ತುವಿನ ಮೇಲೆ ಹೊರಗಿನ ಗಾಳಿ ಅಡ್ಡವಾಗಿ ಒತ್ತುತ್ತದೆ. ಕೇರುವಾಗ ಗಾಳಿ ಬೀಸಬೇಕಾಗಿಯೇ ಇಲ್ಲ. ಮೊರದ ಚಲನೆಯೇ ಹಗುರವಾದುದನ್ನು ಭಾರವಾದುದರಿಂದ ಬೇರೆ ಮಾಡುತ್ತದೆ. ಜಾಲಿಸುವಾಗ ನೀರು ಮಾಧ್ಯಮವಾಗುತ್ತದೆ, ಸಾಂದ್ರತೆ ಕೆಲಸ ಮಾಡುತ್ತದೆ. ಮನೆಯ ಭಾಷೆ ಇಲ್ಲಿ ಪಠ್ಯದ ಭಾಷೆಗಿಂತ ಸೂಕ್ಷ್ಮವಾಗಿದೆ. ಆದರೂ ದ್ವಿಭಾಷಾ ಪುಟದಲ್ಲಿ ಕನ್ನಡ ಬರುವುದು ಇಂಗ್ಲಿಷ್ ಪದಕ್ಕೆ ಸಮಾನಪದವನ್ನು ಒದಗಿಸುವ ಸೇವಕನಾಗಿ. ಇಂಗ್ಲಿಷಿನಲ್ಲಿ ಒಂದು ಪದವಿದ್ದರೆ ಕನ್ನಡದಲ್ಲಿಯೂ ಒಂದೇ ಪದ. ಉಳಿದೆರಡು ಕ್ರಿಯೆಗಳು ಪುಟದಿಂದ ಹೊರಗೆ. ‘ನಮ್ಮಜ್ಜಿ ಕೇರ್ತಾರೆ, ತೂರಲ್ಲ’ ಎಂದು ಒಬ್ಬ ಹುಡುಗಿ ಹೇಳಿದಾಗ ಅಧ್ಯಾಪಕಿ ‘ಎರಡೂ ಒಂದೇ’ ಎಂದು ಮುಂದೆ ಹೋದದ್ದನ್ನು ನಾನು ಕೇಳಿದ್ದೇನೆ. ಅವರನ್ನು ದೂರುವಂತಿಲ್ಲ, ಪುಸ್ತಕವೂ ಅದನ್ನೇ ಹೇಳುತ್ತಿತ್ತು. ಆ ಹುಡುಗಿಯ ವಾಕ್ಯದಲ್ಲಿದ್ದ ವರ್ಗೀಕರಣ ಆ ದಿನದ ಪಾಠಕ್ಕಿಂತ ಉತ್ತಮ ವಿಜ್ಞಾನವಾಗಿತ್ತು.

ಇಷ್ಟಕ್ಕೇ ನಿಲ್ಲಿಸಿದರೆ ಈ ಲೇಖನ ತಾಯ್ನುಡಿಯ ಹೊಗಳಿಕೆಯಾಗಿ ಮುಗಿಯುತ್ತದೆ. ಹಾಗಾಗಬಾರದು, ಏಕೆಂದರೆ ಕೊರತೆ ಕನ್ನಡದ ಕಡೆಗೂ ಇದೆ. ‘ಕರಗು’ ಎಂಬ ಕ್ರಿಯಾಪದವನ್ನು ನೋಡೋಣ. ಬೆಣ್ಣೆ ಕರಗುತ್ತದೆ, ಮಂಜುಗಡ್ಡೆ ಕರಗುತ್ತದೆ, ಚಹಾದಲ್ಲಿ ಸಕ್ಕರೆಯೂ ಕರಗುತ್ತದೆ. ಇಂಗ್ಲಿಷ್ ಮೊದಲಿನ ಎರಡಕ್ಕೆ ‘ಮೆಲ್ಟ್’ ಎಂದೂ ಮೂರನೆಯದಕ್ಕೆ ‘ಡಿಸಾಲ್ವ್’ ಎಂದೂ ಹೇಳುತ್ತದೆ. ಒಂದು ವಸ್ತು ಶಾಖದಿಂದ ಸ್ಥಿತಿ ಬದಲಿಸುವುದು ಬೇರೆ. ಒಂದು ವಸ್ತು ಇನ್ನೊಂದರೊಳಗೆ ಬೆರೆತು ಹರಡಿಹೋಗುವುದು ಬೇರೆ. ವಿಜ್ಞಾನಕ್ಕೆ ಈ ವ್ಯತ್ಯಾಸ ಅನಿವಾರ್ಯ, ಕನ್ನಡದ ದಿನಬಳಕೆಯ ಕ್ರಿಯಾಪದ ಅದನ್ನು ಗುರುತಿಸುವುದಿಲ್ಲ. ಪಾರಿಭಾಷಿಕ ಕನ್ನಡವಾದರೂ ನೆರವಿಗೆ ಬರುತ್ತದೆಯೇ ಎಂದು ನೋಡಿದರೆ, ಅಲ್ಲಿ ದ್ರವ, ದ್ರವೀಕರಣ, ದ್ರಾವಣ, ದ್ರಾವಕ, ದ್ರಾವ್ಯ ಎಂಬ ಸಾಲು ಎದುರಾಗುತ್ತದೆ. ಎಲ್ಲವೂ ಸಂಸ್ಕೃತದ ‘ದ್ರು’ ಧಾತುವಿನಿಂದ ಹುಟ್ಟಿದವು. ಮನೆಮಾತು ಎಲ್ಲಿ ಬೆರೆಸಿತ್ತೋ ಅಲ್ಲಿಯೇ ಪರಿಭಾಷೆಯೂ ಬೆರೆಸಿದೆ. ‘ಸಕ್ಕರೆ ನೀರಿನಲ್ಲಿ ದ್ರವವಾಯಿತು’ ಎಂದು ಏಳನೆಯ ತರಗತಿಯ ಮಗು ಬರೆದರೆ ಅದನ್ನು ಅಜ್ಞಾನ ಎನ್ನುವ ಮುನ್ನ ಆ ಪದಗಳ ಕುಲವನ್ನು ನೆನೆಯಬೇಕು.

ಇಂಗ್ಲಿಷ್ ಮತ್ತು ಕನ್ನಡ ಎರಡನ್ನೂ ಎದುರಿಗಿಟ್ಟುಕೊಂಡ ತರಗತಿಗೆ ಇಲ್ಲಿ ಏಕಭಾಷಾ ತರಗತಿಗೆ ಇರದ ಒಂದು ಅವಕಾಶವಿದೆ. ಕನ್ನಡದ ಒಂದು ಪದ ಇಂಗ್ಲಿಷಿನಲ್ಲಿ ಎರಡಾಗುವುದೇಕೆ ಎಂದು ಕೇಳಿದರೆ ಸಾಕು, ಮಕ್ಕಳು ಬೆಣ್ಣೆಯನ್ನೂ ಸಕ್ಕರೆಯನ್ನೂ ಎರಡು ಗುಂಪು ಮಾಡಲೇಬೇಕಾಗುತ್ತದೆ. ಉಪ್ಪು ಯಾವ ಗುಂಪಿಗೆ, ಮೇಣ ಯಾವ ಗುಂಪಿಗೆ ಎಂದು ಜಗಳವಾಡಬೇಕಾಗುತ್ತದೆ. ಎದುರುಬದುರು ಪುಟಗಳು ಮಾಡುವುದು ಇದಕ್ಕೆ ತದ್ವಿರುದ್ಧ. ಎರಡೂ ಕಡೆ ಸಾಲುಗಳು ಸರಿಹೊಂದಿ ಕೂತಿರುವುದರಿಂದ ಪ್ರಶ್ನೆ ಹುಟ್ಟಲು ಜಾಗವೇ ಇಲ್ಲ.

ವ್ಯಾಕರಣದ ಮಟ್ಟದಲ್ಲಿಯೂ ಇಂಥದೇ ಒಂದು ಸಂಗತಿಯಿದೆ. ಹ್ಯಾಲಿಡೆ ತೋರಿಸಿಕೊಟ್ಟಂತೆ ವಿಜ್ಞಾನದ ಗದ್ಯ ಕ್ರಿಯೆಗಳನ್ನು ನಾಮಪದಗಳನ್ನಾಗಿ ಮಾಡಿಕೊಂಡು ಮುಂದುವರಿಯುತ್ತದೆ. ನೀರು ಆವಿಯಾಗುತ್ತದೆ ಎಂಬ ಘಟನೆ ‘ಇವ್ಯಾಪೊರೇಷನ್’ ಎಂಬ ವಸ್ತುವಾಗುತ್ತದೆ. ಆಗ ಅದರ ವೇಗವನ್ನು, ಕಾರಣವನ್ನು, ಪರಿಣಾಮವನ್ನು ಕುರಿತು ಮಾತನಾಡಬಹುದು. ಇಂಗ್ಲಿಷಿನ ಮೂಲ ಕ್ರಿಯಾಪದ ಇಬ್ಬಗೆಯದು: ನೀರು ತಾನಾಗಿ ಆವಿಯಾದರೂ ಬಿಸಿಲು ಅದನ್ನು ಆವಿಯಾಗಿಸಿದರೂ ಪದ ಒಂದೇ. ಕನ್ನಡ ಇಲ್ಲಿ ಕಟ್ಟುನಿಟ್ಟು. ಕರಗು ಬೇರೆ, ಕರಗಿಸು ಬೇರೆ. ಒಣಗು ಬೇರೆ, ಒಣಗಿಸು ಬೇರೆ. ಬಿಸಿಯಾಗು ಬೇರೆ, ಬಿಸಿಮಾಡು ಬೇರೆ. ಕಾರಕನಿದ್ದಾನೆಯೇ ಇಲ್ಲವೇ ಎಂಬುದನ್ನು ಪ್ರತಿ ವಾಕ್ಯದಲ್ಲಿಯೂ ಹೇಳಿಯೇ ತೀರಬೇಕು. ಆದರೆ ಪಠ್ಯದ ಕನ್ನಡ ‘ಆವೀಕರಣ’, ‘ಸಾಂದ್ರೀಕರಣ’ ಎನ್ನುತ್ತದೆ. ‘ಕರಣ’ ಎಂದರೆ ಮಾಡುವುದು. ಆಗುವುದನ್ನು ಹೇಳಲು ಸಂಸ್ಕೃತದಲ್ಲಿಯೇ ‘ಭವನ’ ಇದೆ. ಮುಚ್ಚಳದ ಒಳಗೆ ಹನಿಗಟ್ಟುವುದನ್ನು ಯಾರೂ ಮಾಡುತ್ತಿಲ್ಲ, ಅದು ಆಗುತ್ತಿದೆ. ಕನ್ನಡದ ಕ್ರಿಯಾಪದ ವ್ಯವಸ್ಥೆ ತಾನೇ ಒದಗಿಸುತ್ತಿದ್ದ ಈ ಭೇದವನ್ನು ಪರಿಭಾಷೆ ಅಳಿಸಿಹಾಕಿತು. ಡಿ. ಎನ್. ಶಂಕರ ಭಟ್ಟರು ಕನ್ನಡ ಬರಹದ ಸಂಸ್ಕೃತಮಯತೆಯ ಮೇಲೆ ಮಾಡಿದ ಆಕ್ಷೇಪಗಳೆಲ್ಲವನ್ನೂ ಒಪ್ಪದವರು ಕೂಡ, ಈ ಒಂದು ಜಾಗದಲ್ಲಿ ನಷ್ಟವಾಗಿರುವುದು ಪದವಲ್ಲ, ವಿಚಾರ ಎಂಬುದನ್ನು ಕಾಣಬಹುದು.

ಐದನೇ ಮೂರು

ಗಣಿತಕ್ಕೆ ಭಾಷೆ ಬೇಕಿಲ್ಲ ಎಂಬ ನಂಬಿಕೆ ದ್ವಿಭಾಷಾ ಶಾಲೆಗಳನ್ನು ಯೋಜಿಸುವವರಲ್ಲಿ ಬಲವಾಗಿದೆ. ಇಂಗ್ಲಿಷಿಗೆ ಹೊರಳುವುದಾದರೆ ಮೊದಲು ಗಣಿತದಲ್ಲಿ ಹೊರಳಿ ಎಂಬ ಸಲಹೆಯ ಹಿಂದೆ ಇರುವುದು ಇದೇ. ಗಣಿತಕ್ಕೆ ತನ್ನದೇ ಆದ ನುಡಿಬಗೆ ಇದೆ ಎಂದು ಹ್ಯಾಲಿಡೆ 1970ರ ದಶಕದಲ್ಲಿಯೇ ವಾದಿಸಿದ್ದರು. ಆ ಮಾತಿನ ಪೂರ್ಣ ಅರ್ಥ ತಿಳಿಯುವುದು ಭಿನ್ನರಾಶಿಯ ಪಾಠದಲ್ಲಿ.

ಐದು ಭಾಗಗಳಲ್ಲಿ ಮೂರನ್ನು ಕನ್ನಡದಲ್ಲಿ ‘ಐದನೇ ಮೂರು’ ಎನ್ನುತ್ತೇವೆ. ಶಾಸನಸಭೆಯ ‘ಮೂರನೇ ಎರಡರಷ್ಟು ಬಹುಮತ’ದಲ್ಲಿಯೂ ಇದೇ ಕ್ರಮ. ಛೇದ ಮೊದಲು, ಅಂಶ ಆಮೇಲೆ. ಇಡಿಯನ್ನು ಎಷ್ಟಾಗಿ ಒಡೆದಿದ್ದೇವೆ ಎಂಬುದನ್ನು ಹೇಳಿ, ಅನಂತರ ಅದರಲ್ಲಿ ಎಷ್ಟನ್ನು ತೆಗೆದುಕೊಂಡೆವು ಎಂದು ಹೇಳುವ ಕ್ರಮ ಇದು. ಇಂಗ್ಲಿಷಿನ ‘ತ್ರೀ ಫಿಫ್ತ್ಸ್’ ಕ್ರಮವನ್ನು ತಿರುಗಿಸುತ್ತದೆ. ಆದರೂ ಅದರಲ್ಲಿ ಐದನೆಯ ಒಂದು ಎಂಬ ಏಕಮಾನಕ್ಕೆ ಹೆಸರಿದೆ. ನಮ್ಮ ತರಗತಿಗಳಲ್ಲಿ ಕೇಳಿಬರುವುದು ಇವೆರಡೂ ಅಲ್ಲ. ಅಲ್ಲಿ ಕೇಳುವುದು ‘ತ್ರೀ ಬೈ ಫೈವ್’. ಇದು ಬರಹವನ್ನು ಮೇಲಿನಿಂದ ಕೆಳಕ್ಕೆ ಓದುವುದಷ್ಟೇ: ಒಂದು ಅಂಕೆ, ಒಂದು ಗೆರೆ, ಇನ್ನೊಂದು ಅಂಕೆ. ಏಕಮಾನ ಎಲ್ಲಿಯೂ ಇಲ್ಲ. ಅರ್ಧಕ್ಕೆ ಮೂರನೇ ಒಂದನ್ನು ಕೂಡಿಸುವಾಗ ‘ಒನ್ ಬೈ ಟೂ, ಒನ್ ಬೈ ತ್ರೀ’ ಎಂದು ಗುನುಗಿಕೊಂಡ ಮಗು ಮೇಲಿನವನ್ನು ಮೇಲಿನವಕ್ಕೆ, ಕೆಳಗಿನವನ್ನು ಕೆಳಗಿನವಕ್ಕೆ ಕೂಡಿಸಿ ‘ಟೂ ಬೈ ಫೈವ್’ ಎಂಬ ಉತ್ತರಕ್ಕೆ ಬಂದರೆ, ಅದು ಆ ನುಡಿಯ ತರ್ಕಕ್ಕೆ ನಿಷ್ಠವಾಗಿಯೇ ಇದೆ.

ಹೆಸರಿನ ರಚನೆ ಭಿನ್ನರಾಶಿಯ ಗ್ರಹಿಕೆಗೆ ನೆರವಾಗುತ್ತದೆಯೇ ಎಂಬುದು ಇತ್ಯರ್ಥವಾದ ಪ್ರಶ್ನೆಯಲ್ಲ. ಕನ್ನಡದಂತೆ ಛೇದವನ್ನು ಮೊದಲು ಹೇಳುವ ಕೊರಿಯನ್ ಭಾಷೆಯ ಮಕ್ಕಳಿಗೆ ಇದರಿಂದ ಅನುಕೂಲವಿದೆ ಎಂದು ಮಿಯುರಾ ಮತ್ತು ಸಂಗಡಿಗರು 1999ರಲ್ಲಿ ಹೇಳಿದರು. ಪೈಕ್ ಮತ್ತು ಮಿಕ್ಸ್ 2003ರಲ್ಲಿ ಆ ನಿರ್ಣಯವನ್ನು ಪ್ರಶ್ನಿಸಿದರು. ಆದರೆ ನನ್ನ ಗಮನಕ್ಕೆ ಬಂದದ್ದು ಇನ್ನೊಂದು: ಹೆಸರಿನಲ್ಲಿಯೇ ಭಾಗ ಮತ್ತು ಇಡಿಗಳ ಸಂಬಂಧವನ್ನು ಬಿಡಿಸಿ ಹೇಳಿದಾಗ ಇಂಗ್ಲಿಷ್ ಮಕ್ಕಳಿಗೂ ಸಹಾಯವಾಗುತ್ತದೆ ಎಂಬ ಸಾಧ್ಯತೆಯನ್ನು ಆ ಎರಡನೆಯ ಅಧ್ಯಯನವೂ ಅಲ್ಲಗಳೆಯಲಿಲ್ಲ. ಹಾಗಿರುವಾಗ ಮಗುವಿನ ಬಳಿ ಅಂಥ ಹೆಸರು ಮೊದಲೇ ಇದ್ದರೆ ಅದನ್ನು ಬಿಟ್ಟುಕೊಡಲು ಹೇಳುವುದು ಯಾವ ಲಾಭಕ್ಕೆ? ಕಾಲು, ಅರೆ, ಮುಕ್ಕಾಲು, ಒಂದೂವರೆ ಎಂದು ಸಂತೆಯಲ್ಲಿ ಸಲೀಸಾಗಿ ಲೆಕ್ಕ ಹಾಕುವ ಮಗುವನ್ನು ‘ಫ್ರ್ಯಾಕ್ಷನ್’ ಪಾಠದ ಮೊದಲ ದಿನ ಏನೂ ತಿಳಿಯದವನೆಂದು ಕೂರಿಸುತ್ತೇವೆ.

ಪದಕ್ರಮದ ಇನ್ನೊಂದು ಉದಾಹರಣೆ ಬೀಜಗಣಿತದ ಹೊಸ್ತಿಲಲ್ಲಿ ಸಿಗುತ್ತದೆ. ‘ಥ್ರೀ ಲೆಸ್ ದ್ಯಾನ್ ಎ ನಂಬರ್’ ಎಂಬುದನ್ನು ಸಂಕೇತಕ್ಕೆ ತಿರುಗಿಸುವಾಗ ಇಂಗ್ಲಿಷನ್ನು ಎಡದಿಂದ ಬಲಕ್ಕೆ ಅನುಸರಿಸುವ ಮಗು ಮೂರರಿಂದ ಸಂಖ್ಯೆಯನ್ನು ಕಳೆಯುತ್ತದೆ. ಇಂಗ್ಲಿಷ್ ಮಾತೃಭಾಷೆಯ ಮಕ್ಕಳೂ ಮಾಡುವ ಹೆಸರಾಂತ ತಪ್ಪು ಇದು. ಕನ್ನಡದ ‘ಒಂದು ಸಂಖ್ಯೆಗಿಂತ ಮೂರು ಕಡಿಮೆ’ ಎಂಬ ವಾಕ್ಯ ಸಂಕೇತದ ಕ್ರಮದಲ್ಲಿಯೇ ನಡೆಯುತ್ತದೆ: ಮೊದಲು ಸಂಖ್ಯೆ, ಆಮೇಲೆ ಮೂರು, ಕೊನೆಗೆ ಕಳೆಯುವ ಕ್ರಿಯೆ. ‘ಎಂಟರಿಂದ ಮೂರನ್ನು ಕಳೆ’ ಎಂಬುದೂ ಹಾಗೆಯೇ. ಇದಕ್ಕೆ ಪ್ರತಿಯಾಗಿ, ಐದು ಮೂರಕ್ಕಿಂತ ದೊಡ್ಡದು ಎಂಬಲ್ಲಿ ಹೋಲಿಕೆಯ ಪದ ವಾಕ್ಯದ ಕೊನೆಗೆ ಹೋಗುತ್ತದೆ, ಚಿಹ್ನೆ ಮಾತ್ರ ನಡುವೆ ನಿಲ್ಲುತ್ತದೆ. ಅಲ್ಲಿ ಇಂಗ್ಲಿಷಿನ ವಾಕ್ಯ ಚಿಹ್ನೆಗೆ ಹತ್ತಿರ. ಯಾವ ಭಾಷೆಯೂ ಗಣಿತದ ಸಂಕೇತಕ್ಕೆ ಪೂರ್ತಿ ಒಗ್ಗುವುದಿಲ್ಲ. ಎರಡನ್ನು ಬಲ್ಲವರು ಒಗ್ಗುವ ಕಡೆಯಿಂದ ಒಳಗೆ ಹೋಗಬಹುದು. ಲಕ್ಷ ಮತ್ತು ಮಿಲಿಯನ್‌ಗಳ ಅಲ್ಪವಿರಾಮಗಳ ಗೊಂದಲವೂ ಈ ಜಾತಿಯದೇ; ಅದನ್ನು ಕುರಿತು ಸಾಕಷ್ಟು ಬರೆಯಲಾಗಿದೆ.

ದ್ವಿಭಾಷಾ ತರಗತಿಯ ಅಧ್ಯಾಪಕರು ಸಾಮಾನ್ಯವಾಗಿ ಮಾಡುವುದೇನೆಂದರೆ, ಇಂಗ್ಲಿಷ್ ವಾಕ್ಯವನ್ನು ಓದಿ ಪದಪದಕ್ಕೂ ಕನ್ನಡದಲ್ಲಿ ಅರ್ಥ ಹೇಳುವುದು. ಇದನ್ನು ವಸಾಹತುಶಾಹಿಯ ಪಳೆಯುಳಿಕೆ ಎಂದು ಟೀಕಿಸುವವರಿದ್ದಾರೆ. ನನಗೆ ಅದು ಇನ್ನೂ ಹಳೆಯದೆನಿಸುತ್ತದೆ. ಹಳಗನ್ನಡ ಕಾವ್ಯವನ್ನು ನಾವು ಓದಿದ್ದು ಹೀಗೆಯೇ ಅಲ್ಲವೇ? ಪದವಿಭಾಗ, ಅನ್ವಯ, ಪ್ರತಿಪದಾರ್ಥ, ಭಾವಾರ್ಥ. ಈ ನಾಲ್ಕರಲ್ಲಿ ದ್ವಿಭಾಷಾ ತರಗತಿ ಉಳಿಸಿಕೊಂಡಿರುವುದು ಪ್ರತಿಪದಾರ್ಥವನ್ನು ಮಾತ್ರ. ಅನ್ವಯವನ್ನು ಕೈಬಿಟ್ಟಿದೆ. ಪದ್ಯದ ಪದಕ್ರಮವನ್ನು ಬಿಚ್ಚಿ, ಕರ್ತೃ ಎಲ್ಲಿ, ಕರ್ಮ ಎಲ್ಲಿ, ಯಾವ ವಿಶೇಷಣ ಯಾವುದಕ್ಕೆ ಎಂದು ಮತ್ತೆ ಜೋಡಿಸುವ ಆ ಅಭ್ಯಾಸವೇ ‘ಥ್ರೀ ಲೆಸ್ ದ್ಯಾನ್ ಎ ನಂಬರ್’ ಎಂಬ ಪದಪುಂಜಕ್ಕೆ ಬೇಕಾಗಿರುವುದು. ಪ್ರತಿ ಪದದ ಅರ್ಥವನ್ನೂ ಬಲ್ಲ ಮಗು ಇಲ್ಲಿ ಸೋಲುವುದು ಅನ್ವಯದಲ್ಲಿ. ಹೊಸ ತರಬೇತಿಗಳಲ್ಲಿ ಕಲಿಸಲು ಹೊರಡುವ ಎಷ್ಟೋ ತಂತ್ರಗಳಿಗಿಂತ ಕನ್ನಡ ಪಂಡಿತರ ಈ ಹಳೆಯ ವಿಧಾನ ಹೆಚ್ಚು ಉಪಯುಕ್ತವಾದೀತು ಎಂಬುದು ನನ್ನ ಅಭಿಪ್ರಾಯ, ಸಹೋದ್ಯೋಗಿಗಳು ನಗಬಹುದು.

ಆಳಿದನು, ಹೋರಾಡಿದರು

ಸಮಾಜ ವಿಜ್ಞಾನದಲ್ಲಿ ಪಾರಿಭಾಷಿಕ ಪದಗಳ ಕಾಟ ಕಡಿಮೆ ಎಂದು ಭಾವಿಸುವುದು ವಾಡಿಕೆ. ಆದರೆ ಅಲ್ಲಿ ಭಾಷೆ ಇನ್ನೂ ಮರೆಯಲ್ಲಿ ಕೆಲಸ ಮಾಡುತ್ತದೆ. ‘ರಾಜ್ಯ’ ಎಂಬ ಒಂದು ಪದ ರಾಜರ ಆಳ್ವಿಕೆಯ ಮೈಸೂರನ್ನೂ, 1956ರಲ್ಲಿ ವಿಸ್ತರಿಸಿ 1973ರಲ್ಲಿ ಕರ್ನಾಟಕವೆಂದು ಹೆಸರಾದ ಮೈಸೂರನ್ನೂ, ಇಂದಿನ ಒಕ್ಕೂಟದ ಘಟಕವನ್ನೂ ಹೇಳುತ್ತದೆ. ಇಂಗ್ಲಿಷ್ ಪುಟದಲ್ಲಿ ‘ಕಿಂಗ್ಡಮ್’ ಮತ್ತು ‘ಸ್ಟೇಟ್’ ಬೇರೆಬೇರೆ. ಪ್ರಜೆ ಯಾವಾಗ ನಾಗರಿಕನಾದ ಎಂಬ ಪ್ರಶ್ನೆಯನ್ನು ಕೇಳಲು ಈ ಎರಡು ಪುಟಗಳ ವ್ಯತ್ಯಾಸಕ್ಕಿಂತ ಒಳ್ಳೆಯ ನೆಪ ಸಿಗಲಾರದು.

ಇದಕ್ಕಿಂತ ಸ್ವಾರಸ್ಯವಾದುದು ಕ್ರಿಯಾಪದದ ಕೊನೆಯ ಪ್ರತ್ಯಯ. ಕನ್ನಡದಲ್ಲಿ ಚರಿತ್ರೆ ಬರೆಯುವವನು ಪ್ರತಿ ವಾಕ್ಯದಲ್ಲಿಯೂ ಒಂದು ತೀರ್ಮಾನ ಕೊಡಬೇಕು: ಅಶೋಕ ಧರ್ಮಲಿಪಿಗಳನ್ನು ಬರೆಸಿದನೋ, ಬರೆಸಿದರೋ? ಗಾಂಧೀಜಿ ಸತ್ಯಾಗ್ರಹ ಮಾಡಿದನು ಎಂದು ಯಾವ ಪುಸ್ತಕವೂ ಬರೆಯಲಾರದು. ಅಶೋಕ ಬರೆಸಿದರು ಎಂದೂ ಬರೆಯುವುದಿಲ್ಲ. ರಾಜರಿಗೆ ಏಕವಚನ, ನಾಯಕರಿಗೆ ಬಹುವಚನ ಎಂಬ ಅಲಿಖಿತ ಒಪ್ಪಂದವೊಂದಿದೆ. ಕಿತ್ತೂರು ಚೆನ್ನಮ್ಮ ಈ ಎರಡು ವರ್ಗಗಳ ಗಡಿಯಲ್ಲಿ ನಿಂತಿರುವುದರಿಂದ ‘ಹೋರಾಡಿದಳು’ ಮತ್ತು ‘ಹೋರಾಡಿದರು’ಗಳ ನಡುವೆ ಬರಹಗಾರರು ತೂಗಾಡುತ್ತಾರೆ. ದೇವರಿಗೂ ಆತ್ಮೀಯರಿಗೂ ಏಕವಚನವೇ ಸಲ್ಲುವ ಭಾಷೆಯಲ್ಲಿ ಇದು ಸರಳವಾದ ಗೌರವ ಸೂಚನೆಯಲ್ಲ. ಅದು ದೂರದ, ಕಾಲದ, ಅಧಿಕಾರದ ಸೂಚನೆ. ಇಂಗ್ಲಿಷ್ ಪುಟದ ‘ಹಿ’ ಮತ್ತು ‘ಶಿ’ಗಳಿಗೆ ಇದಾವುದೂ ತಿಳಿಯದು. ಒಂದೇ ಪಾಠವನ್ನು ಎರಡು ಭಾಷೆಗಳಲ್ಲಿ ಓದುವ ಏಳನೆಯ ತರಗತಿಯ ಮಗು, ಒಂದು ಪುಟ ತೀರ್ಪು ಕೊಡುತ್ತಿದೆ, ಇನ್ನೊಂದು ಕೊಡದೆ ಸುಮ್ಮನಿದೆ ಎಂಬುದನ್ನು ಕಾಣಬಲ್ಲದು. ಚರಿತ್ರೆಯ ಬರವಣಿಗೆಯಲ್ಲಿ ನಿಲುವು ಎಂಬುದಿರುತ್ತದೆ ಎಂದು ಕಲಿಸಲು ಆ ವಯಸ್ಸಿಗೆ ಇದಕ್ಕಿಂತ ಸುಲಭದ ದಾರಿ ನನಗೆ ತೋರುವುದಿಲ್ಲ. ಆದರೆ ಭಾಷೆಯ ಪಾಠ ಭಾಷಾ ಅಧ್ಯಾಪಕರದು, ಚರಿತ್ರೆಯ ಪಾಠ ಸಮಾಜ ವಿಜ್ಞಾನದವರದು ಎಂಬ ವೇಳಾಪಟ್ಟಿ ಇದಕ್ಕೆ ಎಡೆಗೊಡುವುದಿಲ್ಲ.

ಸಿದ್ಧಾಂತದ ಕಡೆಗೆ ಒಂದು ನೋಟ

ಇಲ್ಲಿಯವರೆಗಿನ ಮಾತು ಪಠ್ಯಪುಸ್ತಕವನ್ನು ಕುರಿತಾಯಿತು. ನಮ್ಮ ಶಾಸ್ತ್ರದ ಹೊಣೆಯೂ ಇದರಲ್ಲಿದೆ. ಕಮಿನ್ಸ್ 1979ರಲ್ಲಿ ಮಾತುಕತೆಯ ಭಾಷೆಗೂ ಶೈಕ್ಷಣಿಕ ಭಾಷೆಗೂ ಮಾಡಿದ ಭೇದ ಕನ್ನಡದ ಮಾಧ್ಯಮ ಚರ್ಚೆಯಲ್ಲಿ ಹಲವು ಬಾರಿ ಉಲ್ಲೇಖಗೊಂಡಿದೆ. ಆದರೆ ನಾವು ಅದನ್ನು ಇಂಗ್ಲಿಷಿಗೆ ಮಾತ್ರ ಅನ್ವಯಿಸುತ್ತೇವೆ. ಮಗುವಿಗೆ ಮಾತನಾಡುವಷ್ಟು ಇಂಗ್ಲಿಷ್ ಬಂದರೂ ವಿಜ್ಞಾನ ಕಲಿಯುವಷ್ಟು ಬಂದಿರುವುದಿಲ್ಲ ಎನ್ನುತ್ತೇವೆ. ನಿಜ. ಆದರೆ ದ್ಯುತಿಸಂಶ್ಲೇಷಣೆ ಯಾರ ಮನೆಮಾತು? ಶಾಲೆಯ ಕನ್ನಡವೂ ಮಗುವಿಗೆ ಹೊಸ ನುಡಿಬಗೆಯೇ. ಮನೆಯಲ್ಲಿ ‘ಪಪ್ಪಾಯಿ ಉಷ್ಣ’ ಎಂದು ಕೇಳಿರುವ ಮಗುವಿಗೆ ವಿಜ್ಞಾನದ ಉಷ್ಣವನ್ನು ಕಲಿಸುವುದು ಕಷ್ಟವೋ ‘ಹೀಟ್’ ಅನ್ನು ಕಲಿಸುವುದು ಕಷ್ಟವೋ ಎಂಬುದು ಮುಂಚಿತವಾಗಿ ನಿರ್ಧರಿಸಬಹುದಾದ ವಿಷಯವಲ್ಲ. ಉರ್ದು, ತುಳು, ತೆಲುಗು, ಲಂಬಾಣಿ ಮನೆಮಾತಿನ ಮಕ್ಕಳಿಗಂತೂ ದ್ವಿಭಾಷಾ ಪುಸ್ತಕದ ಎರಡು ಪುಟಗಳೂ ಪರಸ್ಥಳಗಳು. ಹೀಗಾಗಿ ತರಗತಿಯಲ್ಲಿ ಇರುವುದು ಎರಡು ಭಾಷೆಗಳಲ್ಲ. ಮನೆಮಾತು, ಪಠ್ಯದ ಕನ್ನಡ, ಇಂಗ್ಲಿಷ್ ಎಂಬ ಕನಿಷ್ಠ ಮೂರು ನುಡಿಬಗೆಗಳು. ದಕ್ಷಿಣ ಆಫ್ರಿಕಾದ ಗಣಿತ ತರಗತಿಗಳನ್ನು ಕುರಿತು ಬರೆದ ಸೆತಾತಿ ಮತ್ತು ಆಡ್ಲರ್, ಮಕ್ಕಳು ಭಾಷೆಯಿಂದ ಭಾಷೆಗೆ ಮಾತ್ರವಲ್ಲ, ಅನೌಪಚಾರಿಕ ಗಣಿತದ ಮಾತಿನಿಂದ ಔಪಚಾರಿಕ ಮಾತಿಗೂ ಪಯಣಿಸಬೇಕು ಎಂದದ್ದು ಈ ಕಾರಣದಿಂದ ನಮಗೆ ಮುಖ್ಯ.

ಮ್ಯಾಕ್‌ಸ್ವಾನ್ ಮತ್ತು ರೋಲ್‌ಸ್ಟಾಡ್ 2003ರಲ್ಲಿ ಕಮಿನ್ಸರ ಭೇದದ ಮೇಲೆ ಎತ್ತಿದ ಆಕ್ಷೇಪವೂ ಇಲ್ಲಿ ನೆನಪಾಗುತ್ತದೆ: ಶಾಲೆಯ ಭಾಷೆಯನ್ನು ಮೇಲಿನದೆಂದು ಎಣಿಸಿದರೆ ಮನೆಯ ಭಾಷೆ ಕೊರತೆಯಂತೆ ಕಾಣುತ್ತದೆ. ಕೇರುವುದು ಮತ್ತು ತೂರುವುದರ ಉದಾಹರಣೆ ಅವರ ಪರವಾಗಿದೆ, ಕರಗುವುದರ ಉದಾಹರಣೆ ಕಮಿನ್ಸರ ಪರವಾಗಿದೆ. ವಿಷಯದ ಒಳಕ್ಕೆ ಇಳಿಯದೆ ಈ ವಾದ ಬಗೆಹರಿಯದು.

ವೇಲ್ಸಿನಲ್ಲಿ ಸೆನ್ ವಿಲಿಯಮ್ಸ್ ಹುಟ್ಟುಹಾಕಿ, ಗಾರ್ಸಿಯಾ ಅವರ ಬರಹಗಳಿಂದ ಜಗತ್ತಿಗೆ ಹರಡಿದ ಟ್ರಾನ್ಸ್‌ಲಾಂಗ್ವೇಜಿಂಗ್ ಕಲ್ಪನೆಗೂ ಇದೇ ಮಾತು ಸಲ್ಲುತ್ತದೆ. ವಿಲಿಯಮ್ಸರ ಮೂಲ ಪ್ರಯೋಗದಲ್ಲಿ ಒಂದು ಭಾಷೆಯಲ್ಲಿ ಓದಿ ಇನ್ನೊಂದರಲ್ಲಿ ಬರೆಯುವ ಯೋಜಿತ ಶ್ರಮವಿತ್ತು. ವಿಷಯವನ್ನು ಅರಗಿಸಿಕೊಳ್ಳದೆ ಆ ದಾಟುವಿಕೆ ಸಾಧ್ಯವಿರಲಿಲ್ಲ. ನಮ್ಮ ಇತ್ತೀಚಿನ ಬರಹಗಳಲ್ಲಿ ಅದು ಎರಡು ಭಾಷೆಗಳು ಬೆರೆತ ಕೂಡಲೇ ಸಂಭ್ರಮಿಸುವ ಮಟ್ಟಕ್ಕೆ ಇಳಿದಿದೆ. ಅಧ್ಯಾಪಕರು ‘ಪ್ಲಾಂಟ್ಸು ಫುಡ್ಡನ್ನ ಪ್ರಿಪೇರ್ ಮಾಡ್ಕೊಳ್ತವೆ’ ಎಂದರೆ ಅದನ್ನು ದ್ವಿಭಾಷಾ ಸೃಜನಶೀಲತೆ ಎಂದು ಬರೆಯುವ ಪ್ರಬಂಧಗಳನ್ನು ನಾನು ಪರಿಶೀಲಕನಾಗಿ ಓದಿದ್ದೇನೆ, ಒಂದು
ಕಾಲದಲ್ಲಿ ಬರೆದೂ ಇದ್ದೇನೆ. ಆ ವಾಕ್ಯದ ವ್ಯಾಕರಣ ಕನ್ನಡದ್ದು, ನಾಮಪದಗಳು ಇಂಗ್ಲಿಷಿನವು. ಗಿಡದ ಬಗ್ಗೆ ಅದರಿಂದ ಮಗುವಿಗೆ ಹೊಸದೇನು ತಿಳಿಯಿತು ಎಂಬುದು ನಮ್ಮ ವಿಶ್ಲೇಷಣೆಯಲ್ಲಿ ಇರುತ್ತಿರಲಿಲ್ಲ. ವಿಜ್ಞಾನ ಕಲಿಯುವುದೆಂದರೆ ಪದಗಳನ್ನು ಕಲಿಯುವುದಲ್ಲ, ಪದಗಳ ನಡುವಿನ ಅರ್ಥಸಂಬಂಧಗಳ ಜಾಲವನ್ನು ಕಲಿಯುವುದು ಎಂದು ಲೆಮ್ಕೆ 1990ರಲ್ಲಿಯೇ ತೋರಿಸಿದ್ದರು. ಆ ಅಳತೆಯಲ್ಲಿ ನೋಡಿದರೆ ಎಷ್ಟೋ ಬೆರಕೆ ವಾಕ್ಯಗಳು ಜಾಲವನ್ನು ಹಾಗೆಯೇ ಬಿಟ್ಟು ಗಂಟುಗಳ ಹೆಸರನ್ನು ಮಾತ್ರ ಬದಲಾಯಿಸುತ್ತವೆ.

ನನ್ನ ವಾದಕ್ಕೆ ಬರಬಹುದಾದ ಬಲವಾದ ಆಕ್ಷೇಪ ಅಧ್ಯಾಪಕರ ಕಡೆಯಿಂದ ಬರುತ್ತದೆ. ಒಂದೇ ಕೊಠಡಿಯಲ್ಲಿ ಎರಡು ತರಗತಿ, ಒಬ್ಬರಿಗೆ ಮೂರು ವಿಷಯ, ಮುಗಿಸಬೇಕಾದ ಪಾಠಗಳ ಪಟ್ಟಿ; ಇದರ ನಡುವೆ ‘ಕರಗು’ ಪದದ ಜಿಜ್ಞಾಸೆಗೆ ಬಿಡುವೆಲ್ಲಿ? ಈ ಪ್ರಶ್ನೆಗೆ ನನ್ನಲ್ಲಿ ಪೂರ್ಣ ಉತ್ತರವಿಲ್ಲ. ಆದರೆ ಪುಸ್ತಕ ತಯಾರಿಸುವವರಿಗೆ ಬಿಡುವಿದೆ. ಪ್ರತಿ ಅಧ್ಯಾಯದಲ್ಲಿ ಎರಡು ಭಾಷೆಗಳು ಹೊಂದದ ಒಂದೋ ಎರಡೋ ಜಾಗಗಳನ್ನು ಗುರುತಿಸಿ, ಅಲ್ಲಿ ಪುಟದ ಸಮಾನಾಂತರವನ್ನು ಬೇಕೆಂದೇ ಮುರಿದು, ಒಂದು ಪ್ರಶ್ನೆ ಇಡುವುದು ಮುದ್ರಣದ ಖರ್ಚನ್ನು ಹೆಚ್ಚಿಸುವುದಿಲ್ಲ. ಅದಕ್ಕೆ ಬೇಕಾಗಿರುವುದು ಪುಸ್ತಕ ರಚನಾ ಸಮಿತಿಯಲ್ಲಿ ಇಂಗ್ಲಿಷಿನಿಂದ ಅನುವಾದಿಸುವವರ ಜೊತೆಗೆ ಕನ್ನಡದಲ್ಲಿ ಮೊದಲು ಯೋಚಿಸುವವರೊಬ್ಬರು. 1936ರಷ್ಟು ಹಿಂದೆ ‘ಬಾಲ ಪ್ರಪಂಚ’ವನ್ನು ರಚಿಸಿದ ಶಿವರಾಮ ಕಾರಂತರ ನಾಡಿನಲ್ಲಿ ಅಂಥವರು ಸಿಗದಿರಲಾರರು.

ಮೌಲ್ಯಮಾಪನದ ವಿಷಯ ಇದಕ್ಕಿಂತ ಜಟಿಲವಾದುದು. ಕಳೆದ ವರ್ಷ ಒಂದು ಶಾಲೆಯಲ್ಲಿ, ಬೆಣ್ಣೆ ಮತ್ತು ಸಕ್ಕರೆಗಳಿಗೆ ಆಗುವ ಬದಲಾವಣೆಗಳಲ್ಲಿ ವ್ಯತ್ಯಾಸವೇನು ಎಂಬ ಪ್ರಶ್ನೆಗೆ ಆರನೆಯ ತರಗತಿಯ ಹುಡುಗನೊಬ್ಬ ಬರೆದ ಉತ್ತರವನ್ನು ಅಧ್ಯಾಪಕರು ನನಗೆ ತೋರಿಸಿದರು. ಪ್ರಶ್ನೆ ಇಂಗ್ಲಿಷಿನಲ್ಲಿತ್ತು. ಅವನು ಮೊದಲ ವಾಕ್ಯವನ್ನು ಇಂಗ್ಲಿಷಿನಲ್ಲಿ ಶುರುಮಾಡಿ ಅರ್ಧಕ್ಕೆ ಬಿಟ್ಟಿದ್ದ. ಆಮೇಲೆ ಕನ್ನಡದಲ್ಲಿ, ಬೆಣ್ಣೆ ಒಂದೇ ಕರಗುತ್ತದೆ, ಸಕ್ಕರೆಗೆ ನೀರು ಬೇಕು, ಆದ್ದರಿಂದ ಇದು ‘ಡಿಸಾಲ್ವ್’, ಅದು ‘ಮೆಲ್ಟ್’, ನಮ್ಮಲ್ಲಿ ಎರಡಕ್ಕೂ ಕರಗು ಅಂತಾರೆ ಎಂದು ಬರೆದಿದ್ದ. ಅಂಕಗಳ ಸೂಚಿಯಲ್ಲಿ ಇಂಗ್ಲಿಷ್ ವ್ಯಾಖ್ಯೆಗೆ ಎರಡು ಅಂಕ, ಉದಾಹರಣೆಗೆ ಒಂದು ಅಂಕ ಎಂದಿತ್ತು. ಅಧ್ಯಾಪಕರು ಉದಾಹರಣೆಯ ಒಂದು ಅಂಕ ಕೊಟ್ಟಿದ್ದರು. ಉಳಿದ ಎರಡನ್ನು ಎಲ್ಲಿಂದ ಕೊಡಲಿ ಎಂದು ಅವರು ನನ್ನನ್ನು ಕೇಳಿದರು. ಉತ್ತರಪತ್ರಿಕೆ ಇನ್ನೂ ಅವರ ಕೈಯಲ್ಲಿಯೇ ಇತ್ತು.